ಒಗರಿನ ಸಾಲು

ಹೋದ ತಿಂಗಳು ಕೆಲಸದ ಮೇಲೆ ಭೀಮರಾಯನಗುಡಿಗೆ ಹೋಗಿದ್ದೆ. ಕಾಲುವೆ ಯೋಜನೆಯ ಕ್ಯಾಂಪಿನ ಹಳೆಯ ಕ್ವಾರ್ಟರ್ಸುಗಳ ಹಿಂದೆ ಸಸಿ ಮಾರುವವರೊಬ್ಬರು ಕುಂಡಗಳಿಗೆ ಕೆಮ್ಮಣ್ಣು ಬಳಿದು ಬಿಸಿಲಿಗೆ ಇಟ್ಟಿದ್ದರು. ಹಸಿ ಕೆಮ್ಮಣ್ಣಿನ ವಾಸನೆ ಬೇರೆಯವರಿಗೆ ಹಬ್ಬ ನೆನಪಿಸುತ್ತದೆ. ನನಗೆ ಮಾತ್ರ ಎದೆ ಒಮ್ಮೆ ಧಸಕ್ ಎನ್ನುತ್ತದೆ, ಅದರ ಬೆನ್ನಿಗೇ ನಗು ಬರುತ್ತದೆ. ಕುಂಡಗಳ ಮುಂದೆ ನಿಂತು ಒಬ್ಬಳೇ ನಗುವುದನ್ನು ಕಂಡು ಸಸಿ ಮಾರುವವರು ಯಾವ ಗಿಡ ಬೇಕು ಎಂದು ಕೇಳಿದರು. ಏನೂ ಬೇಡ, ವಾಸನೆ ನೋಡುತ್ತಿದ್ದೇನೆ ಎಂದೆ. ಅವರಿಗೆ ನನ್ನ ಮೇಲೆ ಅನುಮಾನ ಬಂದಿರಬೇಕು.

ನಾನು ಆ ಕ್ಯಾಂಪಿನಲ್ಲಿ ಕಳೆದದ್ದು ಒಂದೇ ಒಂದು ವರ್ಷ. ಅದರಲ್ಲೂ ನೆನಪಿಗೆ ಬರುವುದು ಮುಂಗಾರಿನಿಂದ ಎಳ್ಳಮವಾಸ್ಯೆಯವರೆಗಿನ ಆರೇಳು ತಿಂಗಳು. ಆದರೆ ಅಷ್ಟು ಓಡಾಡಿದ, ಅಷ್ಟು ಹೆದರಿದ, ಅಷ್ಟು ಖುಷಿಪಟ್ಟ ವರ್ಷ ಇನ್ನೊಂದಿಲ್ಲ.

ನಮ್ಮದು ಸುರಪುರಕ್ಕೆ ಅಂಟಿಕೊಂಡ ರಂಗಂಪೇಟೆ. ಅಪ್ಪ ಶಾಲೆಯೊಂದರಲ್ಲಿ ಗುಮಾಸ್ತ. ಕೃಷಿಯಲ್ಲಿ ಎಂಎಸ್ಸಿ ಮುಗಿಸಿ ಕೂತಿದ್ದ ನನಗೆ ಕ್ಯಾಂಪಿನಲ್ಲಿದ್ದ ದ್ರಾಕ್ಷಿ ತಳಿಯ ಯೋಜನೆಯೊಂದರಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ಬೆಳಿಗ್ಗೆ ಶಹಾಪುರದ ಬಸ್ಸು ಹಿಡಿದರೆ ಸಂಜೆ ಮನೆ. ಬಸ್ಸಿನಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದಾಗ ದ್ರಾಕ್ಷಿ ಎಂದರೆ ಸಾಕು, ಮುಖ ನೋಡಿ ನಗುತ್ತಿದ್ದರು. ಕಾಲುವೆ ನೀರು ಬಂದ ಮೇಲೆ ಈ ನೆಲ ಭತ್ತದ್ದು. ನೀರು ಹರಿಯದ ಕಡೆ ಹತ್ತಿ, ತೊಗರಿ, ಮೆಣಸಿನಕಾಯಿ. ದ್ರಾಕ್ಷಿ ಏನಿದ್ದರೂ ವಿಜಯಪುರದ ಕಡೆಯ ಮಾತು. ನಮ್ಮ ಮುಖ್ಯಸ್ಥರಾದ ಬಸವಂತರಾಯ ಸರ್ ಇದಕ್ಕೆ ಉತ್ತರ ಇಟ್ಟುಕೊಂಡಿದ್ದರು. ಕಾಲುವೆಯ ತಂಪು, ಭತ್ತದ ಗದ್ದೆಯ ತೇವ, ಮೇಲೆ ಈ ಸೆಖೆ, ಇಷ್ಟರ ನಡುವೆ ಯಾವ ಬಳ್ಳಿ ರೋಗ ಹತ್ತದೆ ಬದುಕುತ್ತದೋ ಅದು ಎಲ್ಲಿ ಬೇಕಾದರೂ ಬದುಕುತ್ತದೆ ಎನ್ನುತ್ತಿದ್ದರು. ಮಾತು ಕಡಿಮೆ, ಕೋಪ ಜಾಸ್ತಿ, ಕೆಲಸದಲ್ಲಿ ಮಾತ್ರ ಅಪ್ಪಟ ಮನುಷ್ಯ.

ರೋಗ ಎಂದರೆ ಬೂಜು ತುಪ್ಪಟ. ರೈತರು ಅದನ್ನು ಡೌನಿ ಎನ್ನುತ್ತಾರೆ. ಎಲೆಯ ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆ, ತಿರುಗಿಸಿ ನೋಡಿದರೆ ಅಡಿಯಲ್ಲಿ ಬಿಳಿ ಬೂಜು. ಎರಡು ದಿನ ಮೋಡ ಕವಿದು ಜಿನುಗು ಮಳೆ ಹಿಡಿದರೆ ತೋಟವೇ ಹೋದಂತೆ. ಅದಕ್ಕೇ ದ್ರಾಕ್ಷಿ ಬೆಳೆಯುವವರು ಮಳೆಗಾಲವಿಡೀ ಔಷಧ ಹೊಡೆಯುತ್ತಲೇ ಇರುತ್ತಾರೆ. ನಮ್ಮ ಕೆಲಸ ಔಷಧವೇ ಬೇಡದ ಬಳ್ಳಿಯನ್ನು ಹುಡುಕುವುದು. ರೋಗಕ್ಕೆ ಬಗ್ಗದ ಒರಟು ಜಾತಿಯ ಹೂವಿಗೆ ಬೀಜವಿಲ್ಲದ ಸಿಹಿ ದ್ರಾಕ್ಷಿಯ ಪರಾಗ ಹಚ್ಚಿ ಹುಟ್ಟಿಸಿದ ನೂರಾ ಅರವತ್ತು ಸಸಿಗಳು ನೆರಳಿನ ಬಲೆ ಹೊದಿಸಿದ ನೆಟ್ ಹೌಸಿನಲ್ಲಿ ಕುಂಡಗಳಲ್ಲಿ ನಿಂತಿದ್ದವು. ಒಂದೇ ತಾಯಿತಂದೆಯ ಮಕ್ಕಳಾದರೂ ಒಂದೊಂದಕ್ಕೂ ಒಂದೊಂದು ಗುಣ. ಯಾವ ಮಗು ತಾಯಿಯ ಗಟ್ಟಿತನ ಪಡೆದಿದೆ ಎಂದು ಕಂಡುಹಿಡಿಯಬೇಕು.

ಅದಕ್ಕೆ ಎರಡು ದಾರಿ. ಎಲೆಯಿಂದ ಡಿಎನ್ಎ ತೆಗೆದು, ರೋಗ ತಡೆಯುವ ವಂಶವಾಹಿಯ ಪಕ್ಕದ ಗುರುತು ಇದೆಯೇ ಎಂದು ನೋಡುವುದು ಒಂದು. ಗಿಡ ತನ್ನ ರಕ್ಷಣೆಗೆಂದು ಮೈಯೊಳಗೆ ತಯಾರಿಸಿಕೊಳ್ಳುವ ರಸಗಳನ್ನು ಯಂತ್ರದಲ್ಲಿ ಅಳೆಯುವುದು ಇನ್ನೊಂದು. ಅವ್ವ ಒಮ್ಮೆ ಇದೆಲ್ಲ ಏನು ಎಂದು ಕೇಳಿದಾಗ ನಾನು ಅಡಿಗೆಮನೆಯ ಮಾತಿನಲ್ಲೇ ಹೇಳಿದ್ದೆ. ವಂಶವಾಹಿ ಎಂದರೆ ಹೋಳಿಗೆ ಮಾಡುವ ವಿಧಾನ ಬರೆದಿಟ್ಟ ಚೀಟಿ, ರಸ ಎಂದರೆ ತಟ್ಟೆಗೆ ಬಂದ ಹೋಳಿಗೆ. ಚೀಟಿ ಇದ್ದ ಮನೆಯಲ್ಲೆಲ್ಲ ಹೋಳಿಗೆ ಆಗುತ್ತದೆ ಎಂದೇನೂ ಇಲ್ಲ ಎಂದಳು ಅವ್ವ. ನಮ್ಮ ಯೋಜನೆಯ ತಿರುಳನ್ನು ಅಷ್ಟು ಚೆನ್ನಾಗಿ ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

ಆ ಮುಂಗಾರಿನಲ್ಲಿ ಚೀಟಿ ಹುಡುಕುವ ಕೆಲಸ ಮುಗಿಸಿದೆವು. ಲ್ಯಾಬು ರಾಯಚೂರಿನಲ್ಲಿತ್ತು, ಬೇರೆಯವರ ಕೆಲಸದ ನಡುವೆ ಕಾಡಿಬೇಡಿ ಜಾಗ ಪಡೆಯಬೇಕಿತ್ತು. ಮೊದಲ ಸಲ, ಡಿಎನ್ಎ ಹರಿಬಿಡುವ ಜೆಲ್ಲಿನ ಮೇಲೆ ಗುರುತಿನ ಪಟ್ಟೆಗಳು ಬೆಳಗಿದಾಗ ನನಗೆ ಕುಣಿಯಬೇಕು ಅನ್ನಿಸಿತ್ತು. ಪಟ್ಟೆ ಇದ್ದ ಸಸಿ, ಇಲ್ಲದ ಸಸಿ ಎಂದು ಸಂಖ್ಯೆ ಹಚ್ಚಿ ಪುಸ್ತಕ ತುಂಬಿಸಿದೆ. ಪ್ರತಿ ಸಸಿಯ ಕಾಂಡಕ್ಕೂ ಒಂದು ಪ್ಲಾಸ್ಟಿಕ್ ಪಟ್ಟಿ, ಪಟ್ಟಿಯ ಮೇಲೆ ಆ ಸಸಿಯ ಸಂಖ್ಯೆ. ಪಟ್ಟಿ ಇದ್ದರೆ ಪುಸ್ತಕಕ್ಕೆ ಅರ್ಥ. ಪಟ್ಟಿ ಹೋದರೆ ಪುಸ್ತಕ ರದ್ದಿ.

ನೆಟ್ ಹೌಸಿನ ಕೆಲಸ ನೋಡುತ್ತಿದ್ದವಳು ಶರಣಮ್ಮ. ಐವತ್ತರ ಹೆಂಗಸು, ಹುಟ್ಟಿದ್ದು ಯಾದಗಿರಿ ಬಳಿಯ ರಾಮಸಮುದ್ರದಲ್ಲಿ, ಮದುವೆಯಾಗಿ ಬಂದದ್ದು ಕ್ಯಾಂಪಿನ ಪಕ್ಕಕ್ಕೆ. ದಿನಗೂಲಿಯ ಮೇಲೆ ವರ್ಷಗಟ್ಟಲೆ ಅಲ್ಲೇ ಕೆಲಸ. ನಾನು ಶರಣಮ್ಮಕ್ಕ ಎನ್ನುತ್ತಿದ್ದೆ, ಅವಳು ನಾಲ್ಕು ಜನರ ಮುಂದೆ ಅಕ್ಕೋರ ಎಂದೂ ಇಬ್ಬರೇ ಇದ್ದಾಗ ತಂಗಿ ಎಂದೂ ಕರೆಯುತ್ತಿದ್ದಳು. ಅವಳ ಒಂದು ಚಟ ನನಗೆ ತಲೆನೋವಾಗಿತ್ತು. ನೀರು ಹಾಕುತ್ತ ಹೋಗುವಾಗ ತುದಿಯ ಎಳೆ ಎಲೆ ಚಿವುಟಿ ಬಾಯಿಗೆ ಹಾಕುವುದು. ನಮ್ಮ ಕಡೆಯ ಹೆಂಗಸರು ಹೊಲದಲ್ಲಿ ರೊಟ್ಟಿ ಬಿಚ್ಚಿದರೆ ಬದುವಿನಲ್ಲಿದ್ದ ಹಕ್ಕರಕಿ, ಮೆಂತ್ಯದ ಸೊಪ್ಪು ಕಿತ್ತು ಹಸಿಯಾಗಿಯೇ ತಿನ್ನುತ್ತಾರೆ. ಅವಳ ತಾಯಿ ಪುಂಡಿಪಲ್ಲೆಯೆಂಬ ಹುಳಿಸೊಪ್ಪನ್ನು ಸೂಡು ಕಟ್ಟಿ ಮಾರುತ್ತಿದ್ದವಳಂತೆ, ಎಲೆಯನ್ನು ನಾಲಿಗೆಯ ಮೇಲಿಟ್ಟು ನೋಡದೆ ಸೂಡು ಕಟ್ಟುತ್ತಿರಲಿಲ್ಲವಂತೆ. ಇದೆಲ್ಲ ಸರಿ, ಆದರೆ ಪ್ರಯೋಗದ ಗಿಡ ಮೇಯುವುದಕ್ಕಲ್ಲ ಎಂದು ನಾನು ರೇಗಿದೆ.

"ಔಷಧ ಹೊಡದಿಲ್ಲಂತ ನೀವೇ ಹೇಳೀರಿ ಅಕ್ಕೋರ. ಒಂದ ಚೂರು ಎಲಿ ತಿಂದ್ರ ಏನಾಗ್ತದ್ರಿ?" ಎಂದಳು. ಆಮೇಲೆ, ಇವೆಲ್ಲ ಒಂದೇ ರುಚಿ ಇಲ್ಲ ಎಂದೂ ಹೇಳಿದಳು. ಅಂದು ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಲಿತವಳು ಎಂಬ ಧಿಮಾಕು ನನಗೆ ಸಾಕಷ್ಟಿತ್ತು.

ಮಹಾನವಮಿ ಬಂತು. ನಮ್ಮ ಮನೆಯಲ್ಲಿ ಆಯುಧ ಪೂಜೆ ಇಲ್ಲ. ನಾವು ಬೌದ್ಧರು, ವಿಜಯದಶಮಿ ನಮಗೆ ಧಮ್ಮ ದೀಕ್ಷೆಯ ನೆನಪಿಗೆ ಬಿಳಿ ಬಟ್ಟೆ ಉಟ್ಟು ಯಾದಗಿರಿಯಲ್ಲಿ ಎಲ್ಲರೊಂದಿಗೆ ಸೇರುವ ದಿನ. ಹಾಗಾಗಿ ಹಬ್ಬದ ಹಿಂದಿನ ದಿನ ಶರಣಮ್ಮಕ್ಕ ಬಂದು ಪೂಜೆಗೆ ಏನೇನು ತೊಳೆಯಬೇಕು ಎಂದು ಕೇಳಿದಾಗ ನನ್ನ ತಲೆಯಲ್ಲಿ ಪೂಜೆಯ ಚಿತ್ರವೇ ಇರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ಎಲ್ಲ ಬಿಚ್ಚಿ ಚೊಕ್ಕ ತೊಳೀರಿ, ಏನೂ ಬಿಡಬೇಡಿ ಎಂದು ಹೇಳಿ ಓಡಿದೆ. ನಾನು ಅಂದುಕೊಂಡದ್ದು ಸ್ಪ್ರೇ ಪಂಪು, ಪೈಪುಗಳನ್ನು. ಅವಳಿಗೆ ಕೇಳಿಸಿದ್ದು ನಾನು ಹೇಳಿದ್ದೇ.

ಎರಡು ದಿನ ಬಿಟ್ಟು ನೆಟ್ ಹೌಸಿನ ಬಾಗಿಲು ತೆಗೆದೆ. ಕೆಮ್ಮಣ್ಣಿನ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಒಳಗೆ ಮದುವೆ ಮನೆಯ ಕಳೆ. ನೆಲ ಸಾರಿಸಲು ಕುಂಡಗಳನ್ನೆಲ್ಲ ಅಂಗಳಕ್ಕೆ ತಂದು, ತೊಳೆದು, ಕೆಮ್ಮಣ್ಣು ಬಳಿದು, ಸುಣ್ಣದಲ್ಲಿ ಪಟ್ಟೆ ಎಳೆದು, ಮತ್ತೆ ಒಳಗೆ ಚೆಂದಕ್ಕೆ ಎತ್ತರದ ಪ್ರಕಾರ ಜೋಡಿಸಿದ್ದಳು ಶರಣಮ್ಮಕ್ಕ. ಗಿಡ್ಡ ಸಸಿ ಮುಂದೆ, ಉದ್ದ ಸಸಿ ಹಿಂದೆ. ಸ್ಪ್ರೇ ಪಂಪಿಗೆ ಅರಿಶಿನ ಕುಂಕುಮ, ಅದರ ಕೊರಳಿಗೆ ಚೆಂಡುಹೂವಿನ ಮಾಲೆ. ಎರಡೆರಡು ಹೂವಿನ ನಡುವೆ ಏನೋ ಬಿಳಿಯದು ಕಂಡಿತು. ಹತ್ತಿರ ಹೋಗಿ ನೋಡಿದರೆ ನನ್ನ ಪಟ್ಟಿಗಳು. ಒಂದೂ ಕಳೆಯದ ಹಾಗೆ ಜೋಪಾನವಾಗಿ ತೊಳೆದು ನೂಲಿಗೆ ಪೋಣಿಸಿದ್ದಳು. ನೂರಾ ಅರವತ್ತೂ ಇದ್ದವು. ಯಾವುದು ಯಾವ ಗಿಡದ್ದು ಎಂದು ಹೇಳಬಲ್ಲವರು ಭೂಮಿಯ ಮೇಲೆ ಯಾರೂ ಇರಲಿಲ್ಲ.

ನಾನು ಅಲ್ಲೇ ಕೂತುಬಿಟ್ಟೆ. ಬಸವಂತರಾಯ ಸರ್ ಬಂದು ನೋಡಿದರು. ಅವರು ಕೂಗಾಡಿದ್ದರೆ ಚೆನ್ನಾಗಿತ್ತು, ಕೂಗಾಡಲಿಲ್ಲ.

"ಯಾರ್ ಹೇಳ್ಯಾರ ಪಟ್ಟಿ ಬಿಚ್ಚಂತ?" ಎಂದು ಕೇಳಿದರು.

ಶರಣಮ್ಮಕ್ಕ ನನ್ನ ಕಡೆ ಒಮ್ಮೆ ನೋಡಿದಳು. ನಾನು ನೆಲ ನೋಡಿದೆ. "ಹಬ್ಬಂತ ತೊಳದೀನ್ರಿ ಸಾಹೇಬ್ರ. ತಪ್ಪಾಗ್ಯಾದ್ರಿ," ಎಂದಳು ಅವಳು. ಸರ್, ಈ ಶನಿವಾರದ ತನಕ ಇರಲಿ, ಆಮೇಲೆ ಇವಳನ್ನು ಕೆಲಸಕ್ಕೆ ಕರೆಯುವುದು ಬೇಡ ಎಂದು ಹೇಳಿ ಹೊರಟರು. ನನ್ನ ಬಾಯಿ ತೆರೆಯಲೇ ಇಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಪರಿಸ್ಥಿತಿ ಹೀಗಿತ್ತು. ಎಳ್ಳಮವಾಸ್ಯೆಯ ಮುಂಚೆ ಹೊರಗಿನಿಂದ ಹಿರಿಯರು ಬಂದು ಯೋಜನೆಯನ್ನು ಪರಿಶೀಲಿಸುವವರಿದ್ದರು. ತೋರಿಸಲು ಏನೂ ಇಲ್ಲದಿದ್ದರೆ ನೆಟ್ ಹೌಸು ಮೆಣಸಿನ ಸಸಿಗೆ ಹೋಗುತ್ತದೆ, ನಮ್ಮ ಬಳ್ಳಿಗಳು ತಿಪ್ಪೆಗೆ. ಎಲ್ಲವನ್ನೂ ಮೊದಲಿನಿಂದ ಪರೀಕ್ಷೆ ಮಾಡೋಣವೆಂದರೆ ರಾಯಚೂರಿನವರು ಒಂದು ವಾರ, ಅರವತ್ತೇ ಮಾದರಿ ಎಂದುಬಿಟ್ಟರು. ನೂರಾ ಅರವತ್ತರಲ್ಲಿ ಅರವತ್ತನ್ನು ಕಣ್ಣು ಮುಚ್ಚಿ ಆರಿಸಬೇಕು. ಅರವತ್ತರಲ್ಲಿ ಒಳ್ಳೆಯದು ಎಷ್ಟು ಬರುತ್ತದೋ ಅದು ನಮ್ಮ ಅದೃಷ್ಟ.

ಮರುದಿನ ನಾನು ಕುಂಡಗಳ ಮುಂದೆ ಮೋರೆ ಇಳಿಬಿಟ್ಟು ನಿಂತಿದ್ದಾಗ ಶರಣಮ್ಮಕ್ಕ ಪಕ್ಕಕ್ಕೆ ಬಂದಳು. ನಿನಗೆ ಬೇಕಾದದ್ದು ಎಂಥ ಗಿಡ ಎಂದು ಕೇಳಿದಳು. ಡೌನಿ ಹತ್ತದ ಗಿಡ ಎಂದೆ. ಅಂಥ ಗಿಡದ ತಾಯಿ ಎಲ್ಲಿದೆ ಎಂದಳು. ಮೂಲೆಯಲ್ಲಿದ್ದ ಒರಟು ಬಳ್ಳಿಯನ್ನು ತೋರಿಸಿದೆ. ಅವಳು ಅದರ ತುದಿಯೆಲೆ ಚಿವುಟಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಆಮೇಲೆ ಬೀಜವಿಲ್ಲದ ದ್ರಾಕ್ಷಿಯ ಎಲೆ.

"ಅವ್ವ ಒಗರ ಅದಾಳ, ಅಪ್ಪ ಸಪ್ಪಗದಾನ," ಎಂದಳು. "ಮಕ್ಕಳನ್ನ ವಿಂಗಡ ಮಾಡಿ ಕೊಡ್ಲೇನ ತಂಗಿ?"

ನನ್ನ ಮೈ ಜುಮ್ಮೆಂದಿತು. ಗಿಡ ರೋಗ ತಡೆಯಲು ತಯಾರಿಸುವ ರಸಗಳಲ್ಲಿ ಬಹಳಷ್ಟು ಒಗರಿನ ಜಾತಿಯವೇ ಎಂದು ನಾನು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು. ಒಗರು ಎಂದರೆ ರುಚಿ, ರುಚಿ ನೋಡಲು ಎಲ್ಲರ ಬಾಯಲ್ಲೂ ಒಂದು ನಾಲಿಗೆ ಇದೆ ಎನ್ನುವುದು ಮಾತ್ರ ನನಗೆ ಹೊಳೆದಿರಲಿಲ್ಲ. ನಾನೂ ಒಂದು ಎಲೆ ಅಗಿದು ನೋಡಿದೆ. ನನಗೆ ಎಲ್ಲ ಒಂದೇ ಥರ ಹುಲ್ಲು ಹುಲ್ಲು ಅನ್ನಿಸಿತು.

ಮೂರು ದಿನ ಆ ಕೆಲಸ ನಡೆಯಿತು. ಅವಳು ಎಲೆಅಡಿಕೆ ಬಿಟ್ಟಳು, ಖಾರ ಬಿಟ್ಟಳು. ಒಂದು ಎಲೆ ನೋಡಿದ ಮೇಲೆ ಬಾಯಿ ಮುಕ್ಕಳಿಸಿ, ಒಣರೊಟ್ಟಿಯ ಚೂರು ಅಗಿದು, ಸ್ವಲ್ಪ ಹೊತ್ತು ಸುಮ್ಮನೆ ಕೂತು ಇನ್ನೊಂದಕ್ಕೆ ಹೋಗುತ್ತಿದ್ದಳು. ಎಡಕ್ಕೆ ಒಗರಿನ ಸಾಲು, ಬಲಕ್ಕೆ ಸಪ್ಪೆಯ ಸಾಲು. ನನ್ನೊಳಗಿನ ಅನುಮಾನದ ಹುಳು ಸುಮ್ಮನಿರಲಿಲ್ಲ. ಅವಳು ನೀರಿಗೆ ಹೋದಾಗ ಐದಾರು ಕುಂಡಗಳನ್ನು ಅದಲುಬದಲು ಮಾಡಿ ಇಟ್ಟೆ, ನೋಡದ ಗಿಡಗಳಿವು ಎಂದು ಸುಳ್ಳು ಹೇಳಿ ಮತ್ತೆ ಕೊಟ್ಟೆ. ಅವಳು ಅಗಿದು, ಒಂದೊಂದನ್ನೂ ಅದು ಮೊದಲಿದ್ದ ಸಾಲಿಗೇ ಎತ್ತಿಟ್ಟಳು. ಕೊನೆಯದನ್ನು ಇಡುವಾಗ, ಇದನ್ನು ಬೆಳಿಗ್ಗೆಯೇ ತಿಂದಿದ್ದೆ ಎಂದು ನನ್ನ ಮುಖ ನೋಡಿ ನಕ್ಕಳು. ನನ್ನ ಕಿವಿ ಕೆಂಪಾಯಿತು.

ಶನಿವಾರದ ಹೊತ್ತಿಗೆ ಎರಡೂ ಸಾಲುಗಳಲ್ಲಿ ಮೂವತ್ತು ಮೂವತ್ತು ತುಂಬಿದವು. ಒಗರಿನವುಗಳ ಜೊತೆ ಹೋಲಿಸಿ ನೋಡಲು ಸಪ್ಪೆಯವೂ ಬೇಕಿದ್ದವು. ಉಳಿದ ನೂರು ಕುಂಡಗಳು ಹಾಗೇ ಉಳಿದವು. ಒಗರಿನ ಸಾಲಿನ ಕೊನೆಗೆ ಒಂದು ಸೊರಗಿದ ಸಸಿಯನ್ನು ಅವಳು ಸ್ವಲ್ಪ ಬಿಟ್ಟು ಇಟ್ಟಿದ್ದಳು. ಅದೇಕೆ ಹಾಗೆ ಎಂದು ಕೇಳಿದೆ. ಒಗರು ಹೌದು, ಆದರೆ ಅದರ ಹಿಂದೆ ಬೇರೆ ಏನೋ ಒಂದು ಕಹಿ ಬರುತ್ತದೆ, ಅದು ತಾಯಿಯ ಎಲೆಯಲ್ಲೂ ಇಲ್ಲ, ತಂದೆಯ ಎಲೆಯಲ್ಲೂ ಇಲ್ಲ ಎಂದಳು. ನಾನು ಅರವತ್ತಕ್ಕೂ ಹೊಸ ಸಂಖ್ಯೆ ಕೊಟ್ಟೆ. ಯಾವುದು ಯಾವ ಸಾಲಿನದು ಎಂಬುದನ್ನು ಬೇರೆ ಹಾಳೆಯಲ್ಲಿ ಬರೆದು ಮಡಚಿಟ್ಟೆ, ಲ್ಯಾಬಿನವರಿಗೆ ಸುಳಿವೇ ಸಿಗದ ಹಾಗೆ.

ಸೋಮವಾರ ಅವಳು ಬರಲಿಲ್ಲ. ಬರಬೇಡ ಎಂದಿದ್ದರಲ್ಲ.

ರಸ ಅಳೆಯುವುದಕ್ಕೆ ಒಂದು ಫಜೀತಿ ಇದೆ. ಎಲೆ ಕಿತ್ತ ಕ್ಷಣದಿಂದಲೇ ಅದರೊಳಗಿನ ರಸ ಬದಲಾಗತೊಡಗುತ್ತದೆ. ಕಿತ್ತ ಕೂಡಲೇ ಭಯಂಕರ ಚಳಿಗೆ ಹಾಕಿ ಗಟ್ಟಿ ಮಾಡಬೇಕು. ಅಂಥ ಚಳಿಯ ದ್ರವ ಸಾರಜನಕ ನಮ್ಮಲ್ಲಿ ಇರಲಿಲ್ಲ. ಪಶು ಆಸ್ಪತ್ರೆಯಲ್ಲಿ ಇರುತ್ತದೆ, ಹೋರಿಯ ವೀರ್ಯ ಕಾಪಾಡಲು. ಅಲ್ಲಿ ಹೋಗಿ ದ್ರಾಕ್ಷಿ ಎಲೆಗೆ ಬೇಕು ಎಂದಾಗ ಅವರು ನಕ್ಕದ್ದು ಇನ್ನೂ ಕಿವಿಯಲ್ಲಿದೆ. ಆದರೂ ಒಂದು ಸಣ್ಣ ಕ್ಯಾನು ತುಂಬಿ ಕೊಟ್ಟರು. ಅರವತ್ತು ಸಸಿಗಳ ಎಲೆ ಕತ್ತರಿಸಿ, ಸಣ್ಣ ಕೊಳವೆಗಳಲ್ಲಿ ಹಾಕಿ, ಹೊಗೆಯಾಡುವ ಆ ಕ್ಯಾನಿನಲ್ಲಿ ಮುಳುಗಿಸಿ, ಕಚೇರಿಯ ಜೀಪಿನಲ್ಲಿ ರಾಯಚೂರಿಗೆ ಹೊರಟೆ. ರಸ್ತೆಯ ಪ್ರತಿ ಗುಂಡಿಗೂ ನಾನು ಕ್ಯಾನನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿಯುತ್ತಿದ್ದೆ.

ಆ ವಾರ ನಾನು ಊಟ ಮಾಡಿದ್ದು ನೆನಪಿಲ್ಲ. ಮೊದಲು ಜೆಲ್ಲು. ಪಟ್ಟೆ ಇದೆ, ಇಲ್ಲ, ಇದೆ, ಇದೆ. ಆಮೇಲೆ ರಸ ಅಳೆಯುವ ಯಂತ್ರ. ಅದು ಪ್ರತಿ ಎಲೆಗೂ ಒಂದು ಗೆರೆ ಎಳೆಯುತ್ತದೆ. ರಸ ಹೆಚ್ಚಿದ್ದಲ್ಲಿ ಗೆರೆ ಗುಡ್ಡದ ಹಾಗೆ ಏಳುತ್ತದೆ. ಅರವತ್ತೂ ಮುಗಿದ ಮೇಲೆ ಚೀಲದಿಂದ ಮಡಚಿದ ಹಾಳೆ ತೆಗೆದೆ. ಒಂದೊಂದೇ ಸಂಖ್ಯೆಗೆ ಎದುರಾಗಿ ಸಾಲಿನ ಹೆಸರು ಬರೆಯುತ್ತ ಹೋದೆ. ಒಗರು, ಗುಡ್ಡ ಎತ್ತರ. ಒಗರು, ಎತ್ತರ. ಸಪ್ಪೆ, ಬಯಲು. ಸಪ್ಪೆ, ಬಯಲು. ಒಗರಿನ ಸಾಲಿನ ಹೆಚ್ಚಿನ ಸಸಿಗಳಲ್ಲಿ ಗುರುತಿನ ಪಟ್ಟೆಯೂ ಇತ್ತು. ಅವಳ ನಾಲಿಗೆ ಅಲ್ಲಲ್ಲಿ ತಪ್ಪಿತ್ತು ನಿಜ, ಐದಾರು ಕಡೆ ಸಾಲು ಒಂದು ಹೇಳಿದರೆ ಯಂತ್ರ ಇನ್ನೊಂದು ಹೇಳಿತ್ತು. ಆದರೆ ಕಣ್ಣು ಮುಚ್ಚಿ ಆರಿಸಿದ್ದರೆ ಇಂಥ ವಿಂಗಡಣೆ ಸಾಧ್ಯವೇ ಇರಲಿಲ್ಲ. ಲ್ಯಾಬಿನ ಕಾರಿಡಾರಿನಲ್ಲಿ ನಾನು ಎರಡು ಸುತ್ತು ಓಡಿದೆ. ಅಲ್ಲಿದ್ದವರು ಏನಾಯಿತು ಎಂದು ಕೇಳಿದರು, ನಾನು ಗೆರೆಗಳ ಕಾಗದ ಎತ್ತಿ ತೋರಿಸಿದೆ.

ಬೇರೆಯಾಗಿ ಇಟ್ಟಿದ್ದ ಆ ಸೊರಗಿದ ಸಸಿಯ ಗೆರೆಯನ್ನು ಕೊನೆಗೆ ನೋಡಿದೆ. ಅದರ ಡಿಎನ್ಎಯಲ್ಲಿ ನಮ್ಮ ಗುರುತು ಇರಲಿಲ್ಲ. ಆದರೂ ಒಗರಿನ ಗುಡ್ಡ ಎದ್ದಿತ್ತು, ಅದರ ಪಕ್ಕದಲ್ಲಿ ಉಳಿದ ಐವತ್ತೊಂಬತ್ತರಲ್ಲಿ ಎಲ್ಲೂ ಇಲ್ಲದ ಇನ್ನೊಂದು ಸಣ್ಣ ಗುಡ್ಡ. ಹಿಂದೆ ಬರುವ ಕಹಿ ಎಂದು ಅವಳು ಹೇಳಿದ್ದು ಅದೇ ಇರಬೇಕು. ಆ ಗೆರೆಯನ್ನು ಎಷ್ಟು ಸಲ ನೋಡಿದರೂ ತೃಪ್ತಿಯಾಗಲಿಲ್ಲ.

ಕ್ಯಾಂಪಿಗೆ ಬಂದವಳು ಸೀದಾ ಶರಣಮ್ಮಕ್ಕನ ಮನೆಗೆ ಹೋದೆ. ಅವಳು ಹತ್ತಿ ಬಿಡಿಸಲು ಹೋಗಿ ಆಗಷ್ಟೇ ಬಂದಿದ್ದಳು, ಸೆರಗಿಗೆಲ್ಲ ಹತ್ತಿಯ ಎಳೆ ಅಂಟಿತ್ತು. ಖುಷಿಯ ಸುದ್ದಿ ಹೇಳಲು ಹೋದವಳಿಗೆ ಅದನ್ನು ನೋಡಿ ಅಳು ಬಂತು. ಎಲ್ಲ ಬಿಚ್ಚಿ ತೊಳಿ ಎಂದವಳು ನಾನೇ, ಅಂದು ಸರ್ ಮುಂದೆ ನಾನು ಬಾಯಿ ಬಿಡಲಿಲ್ಲ ಎಂದೆ. ಅವಳು ನನಗೆ ನೀರು ಕೊಟ್ಟು ಎದುರಿಗೆ ಕೂತಳು.

"ನಂಗ ನೆಪ್ಪದ ತಂಗಿ. ನಿನ್ನ ಹೆಸರ ಹೇಳಿದ್ರ ಇಬ್ಬರದೂ ಹೋಗ್ತಿತ್ತು. ನೀ ಉಳದ್ರ ಗಿಡ ಉಳೀತಾವಂತ ಸುಮ್ಮಿದ್ದೆ," ಎಂದಳು.

ನನಗೆ ಆ ಮಾತು ಈಗಲೂ ಎದೆಯಲ್ಲಿ ಕೂತಿದೆ. ಮರುದಿನ ಸರ್ ಮುಂದೆ ಹೋಗಿ ಎಲ್ಲವನ್ನೂ ಹೇಳಿದೆ. ಪಟ್ಟಿಯ ವಿಷಯ, ನಾಲಿಗೆಯ ವಿಷಯ, ಮಡಚಿದ ಹಾಳೆ, ಎಲ್ಲ. ಅವರು ಗೆರೆಗಳನ್ನು ಬಹಳ ಹೊತ್ತು ನೋಡಿದರು. ರೋಗ ಏನು ಹೇಳುತ್ತದೋ ನೋಡೋಣ ಎಂದರು, ಅಷ್ಟೇ. ಶರಣಮ್ಮಕ್ಕನನ್ನು ಕರೆಸಲೇ ಎಂದು ಕೇಳಿದೆ, ಪರಿಶೀಲನೆ ಮುಗಿಯಲಿ ಎಂದರು.

ರೋಗವನ್ನು ಕೇಳುವುದು ಹೀಗೆ. ವಿಜಯಪುರದ ಕಡೆಯ ತೋಟದಿಂದ ಬೂಜು ಹತ್ತಿದ ಎಲೆ ತರಿಸಿ, ಬೂಜನ್ನು ತಣ್ಣೀರಿನಲ್ಲಿ ತೊಳೆದು, ಆ ನೀರಿನ ಹನಿಗಳನ್ನು ನಮ್ಮ ಸಸಿಗಳ ಎಲೆಯಿಂದ ಕತ್ತರಿಸಿ ಬೋರಲು ಹಾಕಿದ ಬಿಲ್ಲೆಗಳ ಮೇಲೆ ಬಿಟ್ಟೆವು. ಬಿಲ್ಲೆಗಳನ್ನು ಒದ್ದೆ ಕಾಗದ ಹಾಸಿದ ತಟ್ಟೆಗಳಲ್ಲಿ ಮುಚ್ಚಿ ತಂಪಾದ ಕೋಣೆಯಲ್ಲಿಟ್ಟು ಆರು ದಿನ ಕಾದೆವು. ನಾನು ದಿನಕ್ಕೆ ಹತ್ತು ಸಲ ಇಣುಕುತ್ತಿದ್ದೆ. ನಾಲ್ಕನೆಯ ದಿನ ಸಪ್ಪೆಯ ತಟ್ಟೆಗಳಲ್ಲಿ ಬಿಳಿ ಮೂಡಿತು. ಆರನೆಯ ದಿನ ಅವು ಹತ್ತಿ ಹೊಲದ ಹಾಗಿದ್ದವು. ಒಗರಿನವು ಬಹುಪಾಲು ಹಸಿರಾಗೇ ಇದ್ದವು, ಹನಿ ಬಿದ್ದಲ್ಲಿ ಒಂದು ಕಪ್ಪು ಚುಕ್ಕೆ, ಅಷ್ಟೇ. ಗುರುತಿನ ಪಟ್ಟೆ ಇದ್ದೂ ರಸ ಕಡಿಮೆ ಇದ್ದ ಒಂದೆರಡು ಸಸಿಗಳು ರೋಗಕ್ಕೆ ಬಿದ್ದಿದ್ದವು. ಚೀಟಿ ಇದ್ದ ಮನೆಯಲ್ಲೆಲ್ಲ ಹೋಳಿಗೆ ಆಗುವುದಿಲ್ಲ ಎಂದು ಅವ್ವ ಹೇಳಿದ್ದು ಸುಳ್ಳಾಗಲಿಲ್ಲ. ಪಟ್ಟೆಯೇ ಇಲ್ಲದ ಆ ಸೊರಗಿದ ಸಸಿಯ ಬಿಲ್ಲೆಗಳಲ್ಲಿ ಚುಕ್ಕೆ ಕೂಡ ಇರಲಿಲ್ಲ. ಸರ್ ಭೂತಗನ್ನಡಿ ಹಿಡಿದು ಮೂರು ಸಲ ನೋಡಿದರು. ಅವರು ನಗುವುದನ್ನು ನಾನು ಕಂಡದ್ದು ಅದೇ ಮೊದಲು.

ಆದರೂ ಪರಿಶೀಲನೆಗೆ ಸಿದ್ಧಪಡಿಸಿದ ವರದಿಯಲ್ಲಿ ಅವರು ಒಂದು ಸಾಲು ತಿದ್ದಿದ್ದರು. ಅರವತ್ತು ಸಸಿಗಳನ್ನು ಹೇಗೆ ಆರಿಸಲಾಯಿತು ಎಂಬಲ್ಲಿ ಯಾದೃಚ್ಛಿಕವಾಗಿ, ಅಂದರೆ ಕಣ್ಣು ಮುಚ್ಚಿ, ಎಂದು ಬರೆಸಿದ್ದರು. ನಾಲಿಗೆಯ ಕಥೆ ಹೇಳಿದರೆ ನಗುತ್ತಾರೆ, ಇಡೀ ಕೆಲಸ ಹಗುರಾಗುತ್ತದೆ ಎಂಬುದು ಅವರ ಅಂಜಿಕೆ. ನನಗೆ ಅವರ ಅಂಜಿಕೆ ಅರ್ಥವಾಗುತ್ತಿತ್ತು. ಆದರೆ ಆ ಸಾಲು ಹಾಗೇ ಹೋದರೆ ಶರಣಮ್ಮಕ್ಕ ಎಂದೆಂದಿಗೂ ಪಟ್ಟಿ ಕಿತ್ತವಳಾಗಿಯೇ ಉಳಿಯುತ್ತಿದ್ದಳು. ಪರಿಶೀಲನೆಯ ದಿನ ನಾನೇ ಹೋಗಿ ಅವಳನ್ನು ಕರೆತಂದೆ. ಕೆಲಸಕ್ಕಲ್ಲ, ನನ್ನ ಜೊತೆಗೆ ಬಾ ಎಂದೆ. ಅವಳು ನೆಟ್ ಹೌಸಿನ ಹೊರಗೆ ಬೇವಿನ ನೆರಳಲ್ಲಿ ಕೂತಳು.

ಬಂದವರು ಐದು ಜನ. ಅವರಿಗೆ ಹಿರಿಯರು ಧಾರವಾಡದ ಕಡೆಯ ಒಬ್ಬ ಮೇಡಂ, ಬೆಳ್ಳಿ ಕೂದಲು, ದಪ್ಪ ಕನ್ನಡಕ. ನಾನು ಗೆರೆ, ಪಟ್ಟೆ, ತಟ್ಟೆಗಳನ್ನು ತೋರಿಸುತ್ತ ಹೋದೆ. ಮೇಡಂ ಚಕಚಕನೆ ಪುಟ ತಿರುವಿ ಆ ಸಾಲಿನ ಮೇಲೆ ಬೆರಳಿಟ್ಟರು. ಯಾದೃಚ್ಛಿಕವಾಗಿ ಆರಿಸಿದರೆ ರೋಗ ಹತ್ತಿದವು ಬಹುಪಾಲು ಒಂದೇ ಸಾಲಿನಲ್ಲಿ, ಹತ್ತದವು ಇನ್ನೊಂದು ಸಾಲಿನಲ್ಲಿ ಹೇಗೆ ಬಂದವು, ಎಲ್ಲೋ ಏನೋ ತಪ್ಪಿದೆ ಎಂದರು. ಸರ್ ನನ್ನ ಕಡೆ ನೋಡಿದರು. ಹೌದು, ಅದೃಷ್ಟ ಎಂದು ಹೇಳಿದ್ದರೆ ಬಹುಶಃ ಮುಗಿದುಹೋಗುತ್ತಿತ್ತು.

"ಆ ಸಾಲು ಸುಳ್ಳದ ಮೇಡಂ," ಎಂದೆ. "ಪಟ್ಟಿ ಬಿಚ್ಚಂತ ಹೇಳಿ ಕೆಲಸ ಕೆಡಿಸಿದಾಕಿ ನಾನು. ಗಿಡ ಆರಿಸಿದಾಕಿ ಹೊರಗ ಕುಂತಾಳ."

ಸರ್ ಮುಖ ಕಪ್ಪಿಟ್ಟಿತು. ಮೇಡಂ ಎದ್ದು ಹೊರಗೆ ನಡೆದರು, ಹಿಂದೆ ನಾವೆಲ್ಲ. ಶರಣಮ್ಮಕ್ಕ ಗಡಬಡಿಸಿ ಎದ್ದು ನಿಂತಳು. ಹೇಗೆ ಆರಿಸಿದೆ ಎಂದು ಮೇಡಂ ಕೇಳಿದರು. ಅವಳು ನೆಟ್ ಹೌಸಿನೊಳಗೆ ಹೋಗಿ, ಒಗರಿನ ಸಾಲಿನಿಂದ ಒಂದು, ಸಪ್ಪೆಯ ಸಾಲಿನಿಂದ ಒಂದು ಎಲೆ ಚಿವುಟಿ ತಂದು ಅಂಗೈಯಲ್ಲಿ ಹಿಡಿದಳು.

"ಬಾಯಾಗ ಇಟ್ಟ ನೋಡ್ರಿ," ಎಂದಳು.

ಔಷಧ ಹೊಡೆದಿಲ್ಲ ತಾನೇ ಎಂದು ಮೇಡಂ ನನ್ನನ್ನು ಕೇಳಿದರು. ಇಲ್ಲ ಎಂದೆ. ಅವರು ಮೊದಲ ಎಲೆಯನ್ನು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದರು. ಎರಡನೆಯದನ್ನೂ ಅಗಿದರು. ಮತ್ತೆ ಒಳಗೆ ಒಗರಿನ ಸಾಲಿಗೆ ತಾವೇ ಹೋಗಿ ಇನ್ನೊಂದು ಚಿವುಟಿಕೊಂಡರು. ಅದನ್ನು ನೋಡಿ, ಹಿಂದೆಯೇ ಬಂದ ಉಳಿದ ನಾಲ್ವರೂ ಕೈಚಾಚಿದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ದೊಡ್ಡ ದೊಡ್ಡವರು ಕುಂಡಗಳ ನಡುವೆ ನಿಂತು ಆಡಿನ ಹಾಗೆ ಎಲೆ ಅಗಿಯುವುದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಒಬ್ಬರು ಮುಖ ಹಿಂಡಿ, ಹೌದಲ್ಲ ಎಂದರು. ಇನ್ನೊಬ್ಬರು ನನಗೇನೂ ಗೊತ್ತಾಗುತ್ತಿಲ್ಲ ಎಂದರು. ಅವರ ಮೇಲೆ ನನಗೆ ತುಂಬಾ ಪ್ರೀತಿ ಬಂತು. ಎಲ್ಲರಿಗಿಂತ ಕೊನೆಗೆ ಬಸವಂತರಾಯ ಸರ್, ಬೇರೆ ದಾರಿಯಿಲ್ಲದೆ, ಒಂದು ಎಲೆ ತೆಗೆದುಕೊಂಡರು.

ಮೇಡಂ ಆ ಸೊರಗಿದ ಸಸಿಯ ಮುಂದೆ ಬಹಳ ಹೊತ್ತು ಕೂತಿದ್ದರು. ನೆಟ್ ಹೌಸು ಮೆಣಸಿನಕಾಯಿಗೆ ಹೋಗುವುದು ಬೇಡ ಎಂದು ಎದ್ದರು. ವರದಿಯ ಆ ಸಾಲನ್ನು ಹೊಡೆದುಹಾಕಿ, ನಡೆದದ್ದನ್ನು ನಡೆದ ಹಾಗೇ, ಆರಿಸಿದವಳ ಹೆಸರಿನೊಂದಿಗೆ ಬರೆಯಿರಿ ಎಂದರು. ಆಮೇಲೆ ಉಳಿದ ಕುಂಡಗಳ ಹಿಂದಿನ ಸಾಲುಗಳತ್ತ ಕೈ ತೋರಿಸಿ, ಅವುಗಳನ್ನು ಯಾರು ನೋಡಿದ್ದಾರೆ ಎಂದು ಕೇಳಿದರು. ಇನ್ನೂ ಯಾರೂ ನೋಡಿಲ್ಲ ಎಂದೆ. ನೋಡುವವಳನ್ನು ಯಾಕೆ ಹೊರಗೆ ಕೂರಿಸಿದ್ದೀರಿ ಎಂದು ಅವರು ಸರ್ ಕಡೆ ತಿರುಗಿದರು.

ಸರ್ ಅವಳ ಎದುರಿಗೆ ಬಂದು ನಿಂತರು. ಶರಣಮ್ಮಕ್ಕನ ಹೆಸರು ಹಿಡಿದು ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಶರಣಮ್ಮ, ನಾಳಿಂದ ಬಾ. ನೂರು ಗಿಡ ಉಳದಾವ," ಎಂದರು.

ಅವಳು ನಾಳೆಯ ತನಕ ಕಾಯಲಿಲ್ಲ. ನಳದ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾವೆಲ್ಲ ನೋಡುತ್ತಿದ್ದಂತೆಯೇ ಅರವತ್ತೊಂದನೆಯ ಕುಂಡದ ಮುಂದೆ ಕೂತಳು.